ಉಗುರಗಲ ಟಿಪ್, ಊರಗಲ ಮೋಸ

ಕಪ್ಪು ಬಾಲ್ ಪಾಕೆಟ್‌ನ ಬಾಯಲ್ಲೇ ಕೂತಿತ್ತು. ಕಣ್ಣು ಮುಚ್ಚಿ ಹೊಡೆದರೂ ಬೀಳುವಂಥ ಶಾಟ್. ಬಿಳಿ ಬಾಲ್‌ನ ಸ್ವಲ್ಪ ಎಡಕ್ಕೆ ಕ್ಯೂ ಗುರಿ ಇಟ್ಟು ಹೊಡೆದೆ. ‘ಟಕ್’ ಅನ್ನಬೇಕಾದಲ್ಲಿ ‘ಟಿಣ್’ ಅಂತು. ಬಿಳಿ ಬಾಲ್ ಎತ್ತಲೋ ಜಾರಿ ಪಕ್ಕದ ಕುಶನ್‌ಗೆ ತಾಗಿ ನಿಂತಿತು. ಪಾರ್ಲರ್‌ನಲ್ಲಿ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಒಳಗೊಳಗೇ ಹೊಟ್ಟೆ ಉರೀತಿತ್ತು. ಅದು ಆ ವಾರದ ಆರನೇ ಮಿಸ್‌ಕ್ಯೂ.

ನಾನಿರೋದು ಕೊಪ್ಪಳದ ಹತ್ತಿರದ ಗಿಣಿಗೇರಾದಲ್ಲಿ. ರೈಲ್ವೆ ಜಂಕ್ಷನ್, ಸುತ್ತಮುತ್ತ ಕಬ್ಬಿಣದ ಕಾರ್ಖಾನೆಗಳು, ಶಿಫ್ಟ್ ಮೇಲೆ ಬದುಕೋ ನಮ್ಮಂಥವರ ಬಾಡಿಗೆ ರೂಮುಗಳು. ವಾರಕ್ಕೆರಡು ಸಲ ಎ ಶಿಫ್ಟ್ ಮುಗಿಸಿ, ಸ್ನಾನ ಮಾಡಿ, ಬೈಕ್ ಹತ್ತಿ ಮುನಿರಾಬಾದ್ ದಾಟಿ ಹೊಸಪೇಟೆಗೆ ಹೋಗ್ತೀವಿ. ಅಲ್ಲೊಂದು ಪೂಲ್ ಪಾರ್ಲರ್. ಎರಡು ತಾಸು ಆಡಿ, ಮಿರ್ಚಿ ಮಂಡಕ್ಕಿ ತಿಂದು ವಾಪಸ್. ದುಡಿಮೆಯ ವಾರದಲ್ಲಿ ನಮ್ಮ ಪಾಲಿನ ಹಬ್ಬ ಅಂದ್ರೆ ಅದೇ.

ಕಾರ್ಖಾನೆಯಲ್ಲಿ ನನ್ನ ಕೆಲಸ ಕ್ವಾಲಿಟಿ ಲ್ಯಾಬ್‌ನಲ್ಲಿ. ದಿನಕ್ಕೆ ಎಂಟು ತಾಸು ‘ಇದು ಪಾಸ್, ಇದು ರಿಜೆಕ್ಟ್’ ಅನ್ನೋದೇ ಕೆಲಸ. ಅಂಥವನೇ ಮೋಸ ಹೋದೆ. ಹೋಗಿದ್ದಷ್ಟೇ ಅಲ್ಲ, ಇನ್ನೂ ಏಳು ಜನರನ್ನ ಜೊತೆಗೆ ಕರಕೊಂಡು ಹೋದೆ. ಇದನ್ನು ಬರೀತಿರೋದು ಅದಕ್ಕೇ.

ಎಂಟು ಟಿಪ್‌ಗಳ ಕತೆ

ಕ್ಯೂ ತುದಿಯಲ್ಲಿ ಅಂಟಿಸೋ ಸಣ್ಣ ತೊಗಲಿನ ಬಿಲ್ಲೆಗೆ ಟಿಪ್ ಅಂತಾರೆ. ಪೂಲ್ ಕ್ಯೂಗಾದರೆ ಅಗಲ 12–13 ಮಿ.ಮೀ., ಸ್ನೂಕರ್ ಕ್ಯೂಗೆ 9–10 ಮಿ.ಮೀ. ಒಂದು ಉಗುರಿನಷ್ಟು. ಹೆಸರಾಂತ ಜಪಾನಿ ಕಂಪನಿಗಳ ಪದರದ ಟಿಪ್ ಒಂದಕ್ಕೆ ಸಾವಿರದ ಮೇಲೆ ಬೆಲೆ. ನಾಲ್ಕು ತಿಂಗಳ ಹಿಂದೆ ಆನ್‌ಲೈನ್‌ನಲ್ಲಿ ಅದೇ ಹೆಸರು, ಅದೇ ಲೋಗೊ ಇರೋ ಟಿಪ್ 350 ರೂಪಾಯಿಗೆ ಕಾಣಿಸಿತು. ಎಂಟು ಕೊಂಡರೆ ಡೆಲಿವರಿ ಫ್ರೀ. ಯೋಚನೆ ಮಾಡಲಿಲ್ಲ. ಒಂದು ನನಗೆ ಇಟ್ಕೊಂಡು ಉಳಿದ ಏಳನ್ನು ಕೊಂಡ ಬೆಲೆಗೇ ಗೆಳೆಯರಿಗೆ ಕೊಟ್ಟೆ. ಎಲ್ಲರೂ ‘ಭಾರಿ ಹೆಲ್ಪ್ ಮಾಡಿದಿ ಮಾರಾಯಾ’ ಅಂದರು.

ಅವರಲ್ಲೊಬ್ಬ ಕುಷ್ಟಗಿ ಕಡೆಯ ಹುಡುಗ. ಐಟಿಐ ಮುಗಿಸಿ ಟ್ರೈನಿಯಾಗಿ ಸೇರಿದವನು. ನಮ್ಮೆಲ್ಲರಿಗಿಂತ ಚೆಂದ ಆಡ್ತಿದ್ದ. ಮೊದಲ ಸ್ಟೈಪೆಂಡ್‌ನಲ್ಲಿ ಊರಿಗೆ ಕಳಿಸಿ ಉಳಿದ ದುಡ್ಡಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕ್ಯೂ ಕೊಂಡಿದ್ದ. ಟಿಪ್ ಹಾಕಿಸಿದ ಎರಡು ವಾರಕ್ಕೆ ಅವನ ಆಟ ಕೆಡ್ತಾ ಬಂತು. ಹಿಡಿತ ಬದಲಿಸಿದ, ನಿಲ್ಲೋ ಭಂಗಿ ಬದಲಿಸಿದ, ಯೂಟ್ಯೂಬ್ ನೋಡಿ ಕೈ ಆಡಿಸೋ ರೀತಿಯನ್ನೇ ಬದಲಿಸಿದ. ಒಂದು ಸಂಜೆ, ‘ಅಣ್ಣಾ, ನನ್ನ ಕೈಯಾಗ ಏನಿಲ್ಲ ಅನಸ್ತೈತಿ, ಕ್ಯೂ ಮಾರಿಬಿಡ್ಲೇನು?’ ಅಂದ.

ಆಗ ನನಗೆ ಚುರುಕ್ ಅಂತು. ಮಿಸ್‌ಕ್ಯೂ ನನಗೊಬ್ಬನಿಗೇ ಆಗ್ತಿಲ್ಲ, ಅವನಿಗೂ ಆಗ್ತಿದೆ. ಇಬ್ಬರಿಗೂ ಸಾಮಾನ್ಯವಾಗಿರೋದು ಒಂದೇ, ಆ ಟಿಪ್.

ಅವತ್ತು ಲ್ಯಾಬ್‌ನಲ್ಲಿ ಮಾಡೋ ಕೆಲಸವನ್ನೇ ಟೇಬಲ್ ಮೇಲೆ ಮಾಡಿದೆವು. ಒಂದೇ ಶಾಟ್, ಒಂದೇ ಜಾಗ, ಇಪ್ಪತ್ತು ಸಲ. ಪಾರ್ಲರ್‌ನ ಹಳೇ ಕ್ಯೂನಲ್ಲಿ ಒಂದು ಮಿಸ್‌ಕ್ಯೂ. ನನ್ನ ಕ್ಯೂನಲ್ಲಿ ಏಳು. ಹುಡುಗನ ಕ್ಯೂನಲ್ಲಿ ಆರು. ಅವನ ಮುಖ ನೋಡಬೇಕಿತ್ತು. ಸಿಟ್ಟಲ್ಲ, ನಿರಾಳ. ‘ಅಂದ್ರ ತಪ್ಪು ನಂದಲ್ಲ ಅಣ್ಣಾ?’ ಅಂದ.

ಇಷ್ಟು ಸಣ್ಣದಕ್ಕೆ ಇಷ್ಟು ಮಹತ್ವ ಯಾಕೆ?

ಇನ್ನೂರು ವರ್ಷಗಳ ಹಿಂದೆ ಕ್ಯೂಗೆ ಟಿಪ್ಪೇ ಇರಲಿಲ್ಲ, ಬರೀ ಕಟ್ಟಿಗೆ. ಮಧ್ಯದಿಂದ ಸ್ವಲ್ಪ ಆಚೀಚೆ ಹೊಡೆದರೂ ಜಾರೋದು. ಫ್ರೆಂಚ್ ಸೈನ್ಯದ ಕ್ಯಾಪ್ಟನ್ ಫ್ರಾನ್ಸ್ವಾ ಮಿಂಗೋ ರಾಜಕೀಯ ಕೈದಿಯಾಗಿ ಪ್ಯಾರಿಸ್‌ನ ಸೆರೆಮನೆಯಲ್ಲಿದ್ದಾಗ, 1807ರ ಸುಮಾರಿಗೆ, ಕ್ಯೂ ತುದಿಗೆ ತೊಗಲು ಅಂಟಿಸಿ ಆಡಿ ನೋಡಿದ ಅಂತ ಈ ಆಟದ ಚರಿತ್ರೆ ಹೇಳುತ್ತೆ. ತೊಗಲು ಬಾಲನ್ನು ಹಿಡಿಯಿತು. ಬಾಲ್ ತಿರುಗುತ್ತಾ ಹಿಂದೆ ಬರೋದು, ಪಕ್ಕಕ್ಕೆ ಬಾಗೋದು, ಇವತ್ತು ನಾವು ‘ಸ್ಪಿನ್’ ಅನ್ನೋದೆಲ್ಲ ಸಲೀಸಾಗಿದ್ದು ಆಮೇಲೆ.

ಟಿಪ್ ಬಾಲನ್ನು ಮುಟ್ಟೋದು ಒಂದು ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ತೊಗಲು ಸ್ವಲ್ಪ ಅದುಮಿ, ಬಾಲಿಗೆ ಅಂಟಿದಂತೆ ನಿಂತು, ಮತ್ತೆ ತನ್ನ ಆಕಾರಕ್ಕೆ ಬರಬೇಕು. ಒಳ್ಳೇ ಟಿಪ್, ಮೇಲೆ ಚಾಕ್ ಇದ್ದರೆ, ಬಾಲ್‌ನ ಮಧ್ಯದಿಂದ ಅಂಚಿನವರೆಗಿನ ದೂರದಲ್ಲಿ ಹೆಚ್ಚುಕಡಿಮೆ ಅರ್ಧದವರೆಗೂ ಜಾರದೆ ಹಿಡಿಯುತ್ತೆ. ಕೆಟ್ಟ ಟಿಪ್ ಅದಕ್ಕೂ ಮೊದಲೇ ಕೈ ಬಿಡುತ್ತೆ. ಅಂದಹಾಗೆ ನಾವು ತಿಕ್ಕೋ ನೀಲಿ ಚಾಕ್ ಸೀಮೆಸುಣ್ಣ ಅಲ್ಲ. 1897ರಲ್ಲಿ ಅಮೆರಿಕದ ಸ್ಪಿಂಕ್ಸ್ ಮತ್ತು ಹಾಸ್ಕಿನ್ಸ್ ಪೇಟೆಂಟ್ ಪಡೆದ, ಸಿಲಿಕಾದಂಥ ಗಟ್ಟಿ ಪುಡಿಗಳ ಮಿಶ್ರಣದ ವಂಶ ಅದು. ಟಿಪ್ ಸರಿಯಿಲ್ಲದಿದ್ದರೆ ಎಷ್ಟು ಚಾಕ್ ಹಚ್ಚಿದರೂ ನಿಲ್ಲಲ್ಲ.

ಕರ್ನಾಟಕಕ್ಕೆ ಈ ಆಟ ಹೊಸದಲ್ಲ. ಬೆಂಗಳೂರಿನಲ್ಲಿ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ ಇದೆ. ಅದೇ ಊರಲ್ಲಿ ಅರವಿಂದ ಸವೂರ್ ಅವರ ಬಳಿ ಕಲಿತ ಪಂಕಜ್ ಅಡ್ವಾಣಿ 2003ರಲ್ಲಿ, 18ನೇ ವಯಸ್ಸಿಗೆ, ವಿಶ್ವ ಸ್ನೂಕರ್ ಚಾಂಪಿಯನ್ ಆದರು. 2024ರ ಹೊತ್ತಿಗೆ ಬಿಲಿಯರ್ಡ್ಸ್, ಸ್ನೂಕರ್ ಎರಡೂ ಸೇರಿ ಅವರ ವಿಶ್ವ ಪ್ರಶಸ್ತಿಗಳು 28. ಅಂಥ ಊರಲ್ಲಿ ಟಿಪ್ ಕೆಟ್ಟರೆ ಹೇಳೋಕೆ ಕೋಚ್ ಇರ್ತಾರೆ, ಬದಲಿಸೋಕೆ ಅಂಗಡಿ ಇರುತ್ತೆ. ನಮ್ಮ ಕಡೆ ಹುಡುಗರಿಗೆ ಇರೋದು ಫೋನು ಮತ್ತು ಕೊರಿಯರ್. ನಕಲಿ ಮಾಲು ಹೆಚ್ಚು ಹೊಡೆತ ಕೊಡೋದು ಇಂಥ ಕಡೆಯೇ.

ಒಂದೇ ತೊಗಲು, ಹಲವು ಪದರ

ಟಿಪ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಒಂದೇ ತುಂಡು ತೊಗಲನ್ನು ಒತ್ತಿ ಮಾಡಿದ್ದು. ಚಿಕಾಗೊದ ಟ್ವೀಟನ್ ಕಂಪನಿಯ ಎಲ್ಕ್ ಮಾಸ್ಟರ್ ಇದಕ್ಕೆ ಹೆಸರುವಾಸಿ. ನೀಲಿ ಬಣ್ಣ, ಮೆತ್ತಗೆ, ಬೆಲೆಯೂ ಕಡಿಮೆ. ಇದರಲ್ಲಿ ಒಂದೇ ಡಬ್ಬಿಯೊಳಗೆ ಒಂದು ಮೆತ್ತಗೆ, ಇನ್ನೊಂದು ಗಟ್ಟಿ ಇರೋದು ಮಾಮೂಲು. ಅದು ತೊಗಲಿನ ಗುಣ, ನಕಲಿಯ ಗುರುತಲ್ಲ. ಹಳೇ ಆಟಗಾರರು ಒಂದೊಂದನ್ನೂ ಅಮುಕಿ ಆರಿಸ್ತಾರೆ. ಇವನ್ನು ಹಾಲಿನಲ್ಲಿ ನೆನೆಸಿ, ಒಣಗಿಸಿ, ಒತ್ತಿ ಗಟ್ಟಿ ಮಾಡ್ಕೊಳ್ಳೋರೂ ಇದ್ದಾರೆ.

ಎರಡನೆಯದು ಪದರದ ಟಿಪ್. ತೆಳ್ಳನೆಯ ತೊಗಲಿನ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಒತ್ತಿ, ಬಿಲ್ಲೆ ಕೊರೆದು ಮಾಡೋದು. ಜಪಾನಿನ ಮೂರಿ, ಕಾಮುಯಿ ಈ ಬಗೆಯಲ್ಲಿ ದೊಡ್ಡ ಹೆಸರು. ಇವುಗಳಲ್ಲಿ ಹೆಚ್ಚಾಗಿ ಬಳಸೋದು ಹಂದಿ ತೊಗಲು. ಪ್ರತಿ ಟಿಪ್ಪೂ ಒಂದೇ ಥರ ಇರಬೇಕು ಅನ್ನೋದೇ ಈ ಕಸುಬಿನ ಗುಟ್ಟು. ಸಾಫ್ಟ್, ಮೀಡಿಯಂ, ಹಾರ್ಡ್ ಅಂತ ದರ್ಜೆ ಮಾಡಿ ಮಾರ್ತಾರೆ. ನಾವು ಹೆಚ್ಚು ದುಡ್ಡು ಕೊಡೋದು ತೊಗಲಿಗಲ್ಲ, ಹೋದ ಸಲದಂಥದ್ದೇ ಈ ಸಲವೂ ಸಿಗುತ್ತೆ ಅನ್ನೋ ಭರವಸೆಗೆ.

ನಕಲಿ ಮಾಡೋರು ಕದಿಯೋದು ಆ ಭರವಸೆಯನ್ನೇ. ಬಿಲ್ಲೆ ಸಣ್ಣದು, ಕೊರಿಯರ್ ಖರ್ಚು ಕಡಿಮೆ, ಲೋಗೊ ಒಂದು ಅಚ್ಚು. ಹಾಕಿಸಿದ ಮೇಲೆ ಲೋಗೊ ಬ್ಲೇಡು, ಸ್ಯಾಂಡ್‌ಪೇಪರಿನಡಿ ಮಾಯ. ಆಟ ಕೆಟ್ಟರೆ ಆಟಗಾರ ತನ್ನನ್ನೇ ಬೈಕೊಳ್ತಾನೆ, ಟಿಪ್ಪನ್ನು ಯಾರೂ ಅನುಮಾನಿಸಲ್ಲ. ಕಳ್ಳನಿಗೆ ಇದಕ್ಕಿಂತ ಅನುಕೂಲ ಏನು ಬೇಕು?

ಚಪ್ಪಲಿ ಕಾಕಾ ಕೊಟ್ಟ ತೀರ್ಪು

ಲ್ಯಾಬ್‌ನಲ್ಲಿರೋ ಗಡಸುತನ ಅಳೆಯೋ ಮಷೀನ್ ಕಬ್ಬಿಣಕ್ಕೆ. ಅದರಡಿ ಟಿಪ್ ಇಟ್ಟರೆ ಚಟ್ನಿ. ಹಾಗಾಗಿ ಗೆಳೆಯರಿಂದ ಸಿಕ್ಕಷ್ಟು ಟಿಪ್ ವಾಪಸ್ ತಗೊಂಡು ಬಸ್ ಸ್ಟ್ಯಾಂಡ್ ಪಕ್ಕ ಚಪ್ಪಲಿ ಹೊಲಿಯೋ ಕಾಕಾನ ಹತ್ತಿರ ಹೋದೆ. ನಲವತ್ತು ವರ್ಷ ತೊಗಲಿನ ಜೊತೆಗೇ ಬದುಕಿದ ಕೈ ಅದು.

‘ಕಾಕಾ, ಇದು ಅಸಲಿ ತೊಗಲೇನು ನೋಡ್ರಿ’ ಅಂದೆ.

ಕನ್ನಡಕ ಏರಿಸಿ, ಉಗುರಿನಿಂದ ಅಂಚನ್ನ ಕೆದರಿದರು. ಒಂದು ಟಿಪ್ ನೂಲು ನೂಲಾಗಿ ಎದ್ದಿತು. ಇನ್ನೊಂದು ರವೆಯಂತೆ ಉದುರಿತು. ‘ಇದು ತೊಗಲ ಹೌದು ತಮ್ಮಾ, ಆದ್ರ ಹದಾ ಮಾಡಿಲ್ಲ. ಇನ್ನೊಂದು ತೊಗಲಿನ ಪುಡಿ, ಅಂಟು ಹಾಕಿ ಒತ್ತ್ಯಾರ. ಕೊಲ್ಹಾಪುರಿ ಅಂತ ರೆಕ್ಸಿನ್ ಮಾರತಾರಲ್ಲ, ಹಂಗ.’

‘ಯಾವ ಪ್ರಾಣಿದು ಅಂತ ಗೊತ್ತಾಗತೈತೇನ್ರಿ?’

‘ಮ್ಯಾಲಿನ ಚರ್ಮ ಇದ್ರ ಹೇಳಬಹುದು. ಹಂದಿ ತೊಗಲಿನ ಮ್ಯಾಲೆ ಕೂದಲಿನ ತೂತು ಮೂರು ಮೂರು ಗುಂಪಾಗಿ ಇರ್ತಾವ. ಇಷ್ಟು ಬಣ್ಣಾ ಬಳದು, ಸವರಿದ ಮ್ಯಾಲೆ ಬ್ರಹ್ಮ ಬಂದ್ರೂ ಹೇಳಾಕ ಆಗಂಗಿಲ್ಲ.’

ಆ ಮಾತು ನನಗೆ ಬೇರೆ ಕಾರಣಕ್ಕೂ ತಾಗಿತು. ನಮ್ಮ ಗುಂಪಿನಲ್ಲಿ ಹಂದಿ ತೊಗಲು ಮುಟ್ಟದವರಿದ್ದಾರೆ, ದನದ ತೊಗಲು ಬೇಡ ಅನ್ನೋರೂ ಇದ್ದಾರೆ. ಅಸಲಿ ಕಂಪನಿ ಯಾವ ತೊಗಲು ಅಂತ ಹೇಳುತ್ತೆ, ಆಯ್ಕೆ ನಮ್ಮದು. ನಕಲಿಯಲ್ಲಿ ಏನಿದೆ ಅಂತ ಮಾಡಿದವನಿಗೆ ಮಾತ್ರ ಗೊತ್ತು. ನಾನು ಗೆಳೆಯರ ಕೈಗೆ ಏನು ಕೊಟ್ಟೆ ಅಂತ ನನಗೇ ಗೊತ್ತಿರಲಿಲ್ಲ.

ಕೊಳ್ಳೋ ಮುಂಚೆ

ಬೆಲೆ ನೋಡಿ. ಎಲ್ಲ ಕಡೆ ಸಾವಿರ ದಾಟಿದ್ದು ಒಂದು ಕಡೆ ಮೂರನೇ ಒಂದು ಭಾಗಕ್ಕೆ ಸಿಕ್ಕರೆ ಅದು ಆಫರ್ ಅಲ್ಲ, ಎಚ್ಚರಿಕೆ.

ಮಾರೋರು ಯಾರು ನೋಡಿ. ಆನ್‌ಲೈನ್ ತಾಣದ ಹೆಸರು ದೊಡ್ಡದಿರಬಹುದು, ಅಲ್ಲಿ ಮಾರೋನು ಬೇರೆಯವನೇ ಆಗಿರ್ತಾನೆ. ಅವನ ಪೂರ್ತಿ ವಿಳಾಸ ಇದೆಯಾ? ಬೇರೆ ಏನೇನು ಮಾರ್ತಾನೆ? ಮೊಬೈಲ್ ಕವರ್, ಕುಕ್ಕರ್ ಗ್ಯಾಸ್ಕೆಟ್ ಜೊತೆಗೆ ಜಪಾನಿ ಟಿಪ್ ಮಾರೋನ ಹತ್ತಿರ ಯಾಕೆ ಕೊಳ್ಳಬೇಕು? ಕಂಪನಿಯ ಸ್ವಂತ ತಾಣದಲ್ಲಿ ಡೀಲರ್ ಪಟ್ಟಿ ಇದ್ದರೆ ಅದರಲ್ಲಿ ಈ ಹೆಸರಿದೆಯಾ ನೋಡಿ.

ಲೇಬಲ್ ನೋಡಿ. ಹೊರದೇಶದಿಂದ ಬಂದ ಪ್ಯಾಕ್ ಮಾಲಿನ ಮೇಲೆ ಆಮದು ಮಾಡಿಕೊಂಡವರ ಹೆಸರು, ವಿಳಾಸ, ತಯಾರಾದ ದೇಶ, ಎಂಆರ್‌ಪಿ ಇರಲೇಬೇಕು ಅನ್ನುತ್ತೆ ನಮ್ಮ ಕಾನೂನು. ನನ್ನ ಎಂಟು ಟಿಪ್ ಬಂದಿದ್ದು ಬರೀ ಪ್ಲಾಸ್ಟಿಕ್ ಚೀಟಿನಲ್ಲಿ. ಆಗಲೇ ನಿಲ್ಲಿಸಬೇಕಿತ್ತು.

ಕೈಗೆ ಬಂದ ಮೇಲೆ

ಮೊದಲು ಪಾರ್ಸೆಲ್ ಬಿಚ್ಚೋದನ್ನ ಫೋನ್‌ನಲ್ಲಿ ವಿಡಿಯೊ ಮಾಡಿ. ಬೇಜಾರು ಅನ್ನಿಸಿದರೂ ಮಾಡಿ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಫೋನಿನ ಕ್ಯಾಮೆರಾದಲ್ಲಿ ಟಿಪ್‌ನ ಪಕ್ಕೆಯನ್ನು ಹತ್ತಿರದಿಂದ ಫೋಟೊ ತೆಗೆದು ದೊಡ್ಡದು ಮಾಡಿ. ಒಳ್ಳೇ ಪದರದ ಟಿಪ್‌ನಲ್ಲಿ ಪದರಗಳು ಸಮವಾಗಿ, ಒಂದಕ್ಕೊಂದು ಬಿಗಿಯಾಗಿ ಕೂತಿರ್ತವೆ. ಪದರದ ನಡುವೆ ಹೊಳೆಯೋ ಅಂಟು, ಸಂದು, ಒಂದು ದಪ್ಪ ಒಂದು ತೆಳು ಪದರ ಕಂಡರೆ ಅನುಮಾನ ಪಡಿ. ಬಣ್ಣದ ಗೆರೆ ಬಳಿದು ಪದರದಂತೆ ತೋರಿಸೋದೂ ಉಂಟು. ಒದ್ದೆ ಹತ್ತಿಯಿಂದ ಒರೆಸಿದರೆ ಗೆರೆ ಕದಡುತ್ತಾ ನೋಡಿ.

ಒಂದಕ್ಕಿಂತ ಹೆಚ್ಚು ಕೊಂಡಿದ್ದರೆ ವರ್ನಿಯರ್‌ನಲ್ಲಿ ಅಳೆಯಿರಿ. ನನ್ನ ಹತ್ತಿರ ವಾಪಸ್ ಬಂದ, ಇನ್ನೂ ಅಂಟಿಸದ ಮೂರರಲ್ಲಿ ಒಂದು 5.2 ಮಿ.ಮೀ. ದಪ್ಪ, ಒಂದು 5.9, ಇನ್ನೊಂದು 6.4. ಒಂದೇ ಡೈಯಿಂದ ಬಂದ ಮಾಲಿನಲ್ಲಿ ಇಷ್ಟು ವ್ಯತ್ಯಾಸ ಬಂದರೆ ನಮ್ಮ ಲ್ಯಾಬ್‌ನಲ್ಲಿ ಪೂರ್ತಿ ಲಾಟ್ ವಾಪಸ್.

ಇದರಲ್ಲಿ ಯಾವ ಒಂದೇ ಗುರುತನ್ನೂ ನಂಬಬೇಡಿ. ಕಂಪನಿಗಳೂ ಡಬ್ಬಿ ಬದಲಿಸ್ತವೆ, ಅಚ್ಚು ಬದಲಿಸ್ತವೆ. ಲೋಗೊ ಬೇರೆ ಥರ ಇದ್ದ ಮಾತ್ರಕ್ಕೆ ನಕಲಿಯಲ್ಲ, ಅದೇ ಥರ ಇದ್ದ ಮಾತ್ರಕ್ಕೆ ಅಸಲಿಯೂ ಅಲ್ಲ. ಎರಡು ಮೂರು ಗುರುತು ಒಟ್ಟಿಗೆ ತಪ್ಪಿದಾಗ ಮಾತ್ರ ತೀರ್ಮಾನಕ್ಕೆ ಬನ್ನಿ.

ಅಂಟಿಸೋವಾಗ, ಆಡೋವಾಗ

ಟಿಪ್ ಅಂಟಿಸಿ ಅಂಚು ಕತ್ತರಿಸಿದಾಗ ಬೀಳೋ ಚೂರುಗಳನ್ನ ಎಸೀಬೇಡಿ. ಚೆನ್ನಾಗಿ ಹದ ಮಾಡಿದ ತೊಗಲು ಸುರುಳಿಯಾಗಿ, ನೂಲಿನಂತೆ ಬರುತ್ತೆ. ಪುಡಿ ಒತ್ತಿ ಮಾಡಿದ್ದು ಉದುರುತ್ತೆ. ಒಂದು ಚೂರನ್ನು ಚಿಮುಟದಲ್ಲಿ ಹಿಡಿದು ಬೆಂಕಿ ತಾಗಿಸಿದರೆ ತೊಗಲು ಕೂದಲು ಸುಟ್ಟ ವಾಸನೆ ಕೊಡುತ್ತೆ. ಪ್ಲಾಸ್ಟಿಕ್ ಕರಗಿ ಅಂಟಂಟಾಗುತ್ತೆ. ಆದರೆ ಈ ಪರೀಕ್ಷೆ ಹೇಳೋದು ತೊಗಲಾ ಅಲ್ವಾ ಅಂತ ಮಾತ್ರ. ತೊಗಲು ಅಸಲಿ, ಹೆಸರು ನಕಲಿ ಆಗಿರಬಹುದು. ನಮ್ಮ ಎಂಟರಲ್ಲಿ ಕೆಲವು ಹಾಗೇ ಇದ್ದವು.

ಆಡೋಕೆ ಶುರು ಮಾಡಿದ ಮೇಲೆ ಮೊದಲ ಹತ್ತು ತಾಸು ಗಮನಿಸಿ. ಟಿಪ್ ಸ್ವಲ್ಪ ಚಪ್ಪಟೆಯಾಗೋದು, ಅಂಚು ಸ್ವಲ್ಪ ಹೊರಗೆ ಬರೋದು ಸಹಜ. ಅಣಬೆಯಂತೆ ಮತ್ತೆ ಮತ್ತೆ ಅರಳಿದರೆ, ಪದರ ಬಿಟ್ಟರೆ, ಮೇಲ್ಭಾಗ ಗಾಜಿನಂತೆ ನುಣ್ಣಗಾಗಿ ಚಾಕ್ ಹಿಡಿಯದೇ ಹೋದರೆ ಏನೋ ಎಡವಟ್ಟಾಗಿದೆ.

ಆದರೂ ಟಿಪ್ಪನ್ನು ಬೈಯೋ ಮುಂಚೆ ಅಂಟಿಸಿದವನನ್ನ ಕೇಳಿ. ತೆಳ್ಳನೆ ಸೂಪರ್ ಗ್ಲೂ ಮೆತ್ತನೆ ತೊಗಲಿನೊಳಗೆ ಇಳಿದರೆ ಅಸಲಿ ಟಿಪ್ಪೂ ಕಲ್ಲಾಗುತ್ತೆ. ಕ್ಯೂ ತುದಿಯ ಬಿಳಿ ಬಳೆಯ ಮೇಲೆ ಹಳೇ ಅಂಟು ಉಳಿದಿದ್ದರೆ ಟಿಪ್ ಓರೆಯಾಗಿ ಕೂರುತ್ತೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಕ್ಯೂನ ಬೈಕಿಗೆ ಕಟ್ಟಿ ಮಧ್ಯಾಹ್ನವೆಲ್ಲ ನಿಲ್ಲಿಸಿದರೆ ಯಾವ ತೊಗಲೂ ಸುಮ್ನಿರಲ್ಲ. ಅನುಮಾನ ಬಂದರೆ ನಾವು ಮಾಡಿದಂತೆ ಮಾಡಿ. ಒಂದೇ ಶಾಟ್, ಇಪ್ಪತ್ತು ಸಲ, ಎರಡು ಕ್ಯೂ. ಲೆಕ್ಕ ಬರೆದಿಡಿ.

ಮೋಸ ಹೋದರೆ

ಬ್ರ್ಯಾಂಡಿನ ಹೆಸರು ನಕಲು ಮಾಡಿ ಮಾರೋದು ಟ್ರೇಡ್ ಮಾರ್ಕ್ಸ್ ಕಾಯ್ದೆ 1999ರ ಪ್ರಕಾರ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಇದೆ. ನಮ್ಮಂಥ ಗಿರಾಕಿಗೆ ಹತ್ತಿರದ ದಾರಿ ಬೇರೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ತಾಣಕ್ಕೆ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು. 48 ತಾಸಿನೊಳಗೆ ದೂರು ಸಿಕ್ಕಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮಾರಿದವನು ಯಾವ ಊರಲ್ಲೇ ಇರಲಿ, ನೀವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ.

ಇದೆಲ್ಲ ನನಗೆ ಗೊತ್ತಾಗಿದ್ದು ತಡವಾಗಿ. ನಾನು ದೂರು ಕೊಡೋ ಹೊತ್ತಿಗೆ ವಾಪಸ್ ಮಾಡೋ ಗಡುವು ಮುಗಿದಿತ್ತು. ಮಾರಿದವನ ಹೆಸರು ಆ ತಾಣದಲ್ಲೇ ಇರಲಿಲ್ಲ. ಪ್ಯಾಕೆಟ್ ಎಸೆದಿದ್ದೆ, ಫೋಟೊ ಇಲ್ಲ, ವಿಡಿಯೊ ಇಲ್ಲ. ಕೈಯಲ್ಲಿ ಸವೆದ ಬಿಲ್ಲೆಗಳು ಮಾತ್ರ. ಪಾರ್ಸೆಲ್ ಬಿಚ್ಚೋದನ್ನ ವಿಡಿಯೊ ಮಾಡಿ ಅಂದಿದ್ದು ಇದಕ್ಕೇ.

ಎಲ್ಲಿಂದ ಬಂತು ಅನ್ನೋ ದಾರಿ

ನಮ್ಮ ಕಾರ್ಖಾನೆಯಿಂದ ಹೋಗೋ ಪ್ರತಿ ಲಾಟ್ ಕಬ್ಬಿಣಕ್ಕೂ ಒಂದು ನಂಬರ್ ಇರುತ್ತೆ. ಎಲ್ಲೋ ದೂರದ ಊರಲ್ಲಿ ಒಂದು ತುಂಡು ಬಿರುಕು ಬಿಟ್ಟರೆ ಆ ನಂಬರ್ ಹಿಡಿದು ಯಾವ ದಿನ, ಯಾವ ಶಿಫ್ಟ್‌ನಲ್ಲಿ ಕರಗಿಸಿದ್ದು ಅಂತ ವಾಪಸ್ ಬರಬಹುದು. ಅಸಲಿ ಅಂದ್ರೆ ನನ್ನ ಪ್ರಕಾರ ಅಷ್ಟೇ: ಬಂದ ದಾರಿಯಲ್ಲಿ ವಾಪಸ್ ಹೋಗಿ ಕೇಳೋಕೆ ಒಬ್ಬರು ಇರಬೇಕು. ಕೊಪ್ಪಳದ ಪಕ್ಕದ ಕಿನ್ನಾಳದ ಬೊಂಬೆಗೆ ಜಿಐ ಗುರುತು ಕೊಟ್ಟಿರೋದೂ, 2019ರಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳನ್ನೂ ಸೇರಿಸಿ ಕೊಲ್ಹಾಪುರಿ ಚಪ್ಪಲಿಗೆ ಕೊಟ್ಟಿದ್ದೂ ಇದೇ ಕಾರಣಕ್ಕೆ. ಮಾಡಿದ ಕೈಯ ವಿಳಾಸ ಇರಲಿ ಅಂತ.

ನಾನು ಕೊಟ್ಟ ಏಳು ಟಿಪ್‌ಗೂ ಒಂದು ವಿಳಾಸ ಇತ್ತು, ಅದು ನಂದೇ. ಏಳೂ ಜನಕ್ಕೆ ದುಡ್ಡು ವಾಪಸ್ ಕೊಟ್ಟೆ, 2,450 ರೂಪಾಯಿ. ‘ಬಿಡು ಮಾರಾಯಾ, ನೀ ಬೇಕಂತ ಮಾಡಿದ್ದೇನಲ್ಲ’ ಅಂದವರೇ ಹೆಚ್ಚು. ಆದರೂ ಕೊಟ್ಟೆ. ಮಾರಿದವನು ಮಾಯವಾಗಬಹುದು, ದಿನಾ ಮುಖ ನೋಡೋ ನಾನು ಆಗೋಕಾಗಲ್ಲ.

ಈಗ ನಾವೆಲ್ಲ ಹೊಸಪೇಟೆಯ ಪಾರ್ಲರ್‌ನವರ ಹತ್ತಿರವೇ ಒಂದೇ ತೊಗಲಿನ ಅಗ್ಗದ ಟಿಪ್ ತಗೊಳ್ತೀವಿ. ದೊಡ್ಡ ಹೆಸರಿಲ್ಲ, ಆದರೆ ಮೋಸವೂ ಇಲ್ಲ. ಕೆಟ್ಟರೆ ಅವರ ಮುಂದೆ ಇಟ್ಟು ‘ಇದೇನ್ರೀ?’ ಅಂತ ಕೇಳಬಹುದು. ಸಾವಿರ ರೂಪಾಯಿಯ ನಕಲಿಗಿಂತ ಐವತ್ತು ರೂಪಾಯಿಯ ಪ್ರಾಮಾಣಿಕ ಟಿಪ್ ವಾಸಿ.

ಕುಷ್ಟಗಿ ಹುಡುಗ ಕ್ಯೂ ಮಾರಲಿಲ್ಲ. ಹಿಡಿತ, ಭಂಗಿ, ಎಲ್ಲ ಮೊದಲಿನಂತೆ ಮಾಡ್ಕೊಳ್ಳೋಕೆ ಅವನಿಗೆ ತಿಂಗಳ ಮೇಲಾಯಿತು. ಹೋದ ಶನಿವಾರ ನನ್ನನ್ನ ಐದು ಫ್ರೇಮ್‌ನಲ್ಲಿ ನಾಲ್ಕು ಸೋಲಿಸಿದ. ಕೊನೇ ಕಪ್ಪು ಬಾಲ್ ಹಾಕಿ, ಟಿಪ್ಪನ್ನ ಬೆರಳಿಂದ ಒರೆಸುತ್ತಾ, ‘ಅಣ್ಣಾ, ಈ ಸಲ ನಿಮ್ಮ ಟಿಪ್ ಮ್ಯಾಲೆ ಹಾಕಬ್ಯಾಡ್ರಿ ಮತ್ತ’ ಅಂದ.

ಮಿರ್ಚಿ ಬಿಲ್ ನಾನೇ ಕೊಟ್ಟೆ.